ಕ್ಯೂಸೆಕ್‌ನಿಂದ ಹೊಸ್ತಿಲಿನವರೆಗೆ

ಜುಲೈ ತಿಂಗಳು ಬಂತೆಂದರೆ ನಮ್ಮ ಭಾಗದ ಪತ್ರಿಕೆಗಳಲ್ಲಿ ದಿನವೂ ಒಂದೇ ಅಚ್ಚಿನ ಸುದ್ದಿ ಬರತೊಡಗುತ್ತದೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಎರಡೂ ಕೂಡಿ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಒಟ್ಟು ಇಷ್ಟು. ಅದರ ಕೆಳಗೆ ಮುಳುಗಿದ ಸೇತುವೆಗಳ ಪಟ್ಟಿ ಇರುತ್ತದೆ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ. ಹೆಸರುಗಳ ಕ್ರಮವೂ ಹೆಚ್ಚು ಬದಲಾಗುವುದಿಲ್ಲ.

ಅಥಣಿ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಬಹುಕಾಲ ಶಿಕ್ಷಕನಾಗಿದ್ದವನು ನಾನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಎಂದು ಮಕ್ಕಳಿಗೆ ಎಷ್ಟು ಸಲ ಕಲಿಸಿದ್ದೇನೋ ಲೆಕ್ಕವಿಲ್ಲ. ಒಂದು ದಿನಕ್ಕೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು ಹರಿಯಬೇಕಾದರೆ ಸುಮಾರು 11,574 ಕ್ಯೂಸೆಕ್ ಬೇಕು ಎಂಬ ಭಾಗಾಕಾರವನ್ನೂ ಕರಿಹಲಗೆಯ ಮೇಲೆ ಮಾಡಿಸಿದ್ದೇನೆ. ಆದರೆ 2019ರ ಆಗಸ್ಟಿನಲ್ಲಿ, ಮೊಣಕಾಲು ನೀರಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ನನ್ನನ್ನು ಕೇಳಿದ್ದು ಕ್ಯೂಸೆಕ್‌ ಲೆಕ್ಕವನ್ನಲ್ಲ. "ಮಾಸ್ತರ, ಹೊಳಿ ನಮ್ಮ ಹೊಸ್ತಿಲಾ ದಾಟತೈತೋ ಇಲ್ಲೋ, ಅಷ್ಟ ಹೇಳ್ರಿ" ಎಂದಳು. ಮೊಬೈಲಿನಲ್ಲಿ ಅಂದಿನ ಅಂಕಿ ಇತ್ತು, ಆದರೂ ಆಕೆಗೆ ಕೊಡಲು ನನ್ನ ಬಳಿ ಉತ್ತರ ಇರಲಿಲ್ಲ. ಆ ಅಂಕಿಯಿಂದ ಆ ಹೊಸ್ತಿಲಿನವರೆಗೆ ಸುದ್ದಿ ಸಾಗುವ ದಾರಿಯನ್ನೇ ನಾನು ಪ್ರವಾಹದ ಹೊತ್ತಿನಲ್ಲಿ ಸರ್ಕಾರದ ಹಂತಗಳ ನಡುವೆ ಇರಬೇಕಾದ ಸಮನ್ವಯ ಎಂದು ತಿಳಿದಿದ್ದೇನೆ. ಆ ದಾರಿ ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಅಷ್ಟಾಗಿ ಕಡಿದಿಲ್ಲ, ಅದು ಕಡಿದಿರುವುದು ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ.

ಹೊಳೆಯ ಕಥೆಯಿಂದಲೇ ಆರಂಭಿಸಬೇಕು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ಸಾತಾರಾ ಜಿಲ್ಲೆಯ ಕೊಯ್ನಾ ಜಲಾಶಯ 105 ಟಿಎಂಸಿಯಷ್ಟು ನೀರು ಹಿಡಿಯುತ್ತದೆ. ಸಾಂಗಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಳ್ಳುತ್ತವೆ. ಪಂಚಗಂಗೆಯ ಮೇಲ್ಭಾಗದಲ್ಲಿರುವ ರಾಧಾನಗರಿ ಅಣೆಕಟ್ಟೆಯ ಸ್ವಯಂಚಾಲಿತ ಗೇಟುಗಳು ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದುಕೊಳ್ಳುತ್ತವೆ, ಅವುಗಳಿಗೆ ಯಾವ ಅಧಿಕಾರಿಯ ಸಹಿಯೂ ಬೇಕಿಲ್ಲ. ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜು ದಾಟಿದ ಮೇಲೆ ನೀರು ನಮ್ಮದು. ಮುಂದೆ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲ್ಲೂಕುಗಳನ್ನು ಹಾದು ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ ಬ್ಯಾರೇಜು, ಅಲ್ಲಿಂದ ವಿಜಯಪುರ ಜಿಲ್ಲೆಯ ಆಲಮಟ್ಟಿ, ಆಮೇಲೆ ನಾರಾಯಣಪುರ, ಕೊನೆಗೆ ಯಾದಗಿರಿ, ರಾಯಚೂರಿನ ನಡುಗಡ್ಡೆಗಳು. ನೀರು ಒಂದೇ ಆದರೂ ಅದರ ದಾರಿಯಲ್ಲಿ ಎರಡು ರಾಜ್ಯಗಳು ಬರುತ್ತವೆ, ಹಲವು ಜಿಲ್ಲಾಧಿಕಾರಿಗಳು ಬರುತ್ತಾರೆ, ಹತ್ತಾರು ತಹಶೀಲ್ದಾರರು ಬರುತ್ತಾರೆ. ಹಿಪ್ಪರಗಿಯ ಗೇಟು ಎಷ್ಟು ತೆರೆದಿದೆ ಎಂಬುದು ಅಥಣಿ ತಾಲ್ಲೂಕಿನ ಹುಲಗಬಾಳಿ, ನದಿ ಇಂಗಳಗಾಂವ, ಅವರಖೋಡ ಕಡೆಯವರಿಗೆ ಜೀವನ್ಮರಣದ ಪ್ರಶ್ನೆ, ಆದರೆ ಆ ಗೇಟು ಇರುವುದು ಇನ್ನೊಂದು ಜಿಲ್ಲೆಯ ಲೆಕ್ಕದಲ್ಲಿ.

ಈ ಎಲ್ಲರನ್ನೂ ಒಂದು ಕಟ್ಟಿಗೆ ತರಬೇಕಾದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರ 25ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ, ಅಂದರೆ ನಮ್ಮಲ್ಲಿ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು, ಸಹ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಮೊದಲಾದವರು ಸೇರಿ, ಅಧ್ಯಕ್ಷರನ್ನು ಬಿಟ್ಟು ಏಳು ಸದಸ್ಯರಿಗೆ ಮೀರದ ಸಣ್ಣ ಸಮಿತಿ ಅದು. ವಾಹನ, ಕಟ್ಟಡ, ದೋಣಿಗಳನ್ನು ವಶಕ್ಕೆ ಪಡೆಯುವ ಅಧಿಕಾರ, ಸಂಚಾರ ನಿಲ್ಲಿಸುವ ಅಧಿಕಾರ, ಟೆಂಡರ್ ಇಲ್ಲದೆ ತುರ್ತು ಖರೀದಿಗೆ ಒಪ್ಪಿಗೆ ಕೊಡುವ ಅಧಿಕಾರ ಎಲ್ಲವೂ ಜಿಲ್ಲೆಯಲ್ಲಿ ಅಥವಾ ಅದಕ್ಕೂ ಮೇಲೆ. ಗ್ರಾಮ ಪಂಚಾಯಿತಿ, ಪುರಸಭೆಗಳ ಪಾಲಿಗೆ ಇರುವುದು 41ನೇ ಕಲಮು: ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆ ಸಜ್ಜಾಗಿಡಬೇಕು, ಕಟ್ಟಡಗಳು ನಿಯಮದಂತೆ ಇರುವಂತೆ ನೋಡಿಕೊಳ್ಳಬೇಕು, ಪರಿಹಾರ ಕಾರ್ಯ ಮಾಡಬೇಕು. ಕರ್ತವ್ಯಗಳ ಪಟ್ಟಿ ಉದ್ದವಾಗಿದೆ, ಅವುಗಳಿಗೆ ಹಣ ಎಲ್ಲಿಂದ ಎಂಬುದಕ್ಕೆ ಮಾತ್ರ ಆ ಕಲಮಿನಲ್ಲಿ ಉತ್ತರವಿಲ್ಲ. ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯಿತಿಗಳಿಗೆಂದು 29 ವಿಷಯಗಳನ್ನು ಪಟ್ಟಿ ಮಾಡಿತಲ್ಲ, ಅದರಲ್ಲಿಯೂ ವಿಪತ್ತು ನಿರ್ವಹಣೆ ಎಂಬ ವಿಷಯವೇ ಇಲ್ಲ.

ಸಹ ಅಧ್ಯಕ್ಷರ ಕುರ್ಚಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಂದರೆ ಜಿಲ್ಲೆಯ ಜನರ ಪರವಾಗಿ ಆ ಮೇಜಿನಲ್ಲಿ ಕೂರಲು ಕಾಯ್ದೆಯೇ ಜಾಗ ಕಾದಿರಿಸಿದ್ದ ಒಬ್ಬೇ ಒಬ್ಬ ಚುನಾಯಿತ ವ್ಯಕ್ತಿ ಅಲ್ಲಿರಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ವಾದಗಳು ನಡೆದವು. ಆ ಖಾಲಿ ಕುರ್ಚಿಗೂ ಪ್ರವಾಹಕ್ಕೂ ಸಂಬಂಧವಿದೆ ಎಂದು ಯಾರೂ ವಾದಿಸಿದ್ದನ್ನು ನಾನು ಕೇಳಲಿಲ್ಲ.

2019ರಲ್ಲಿ ಖಾಲಿ ಇದ್ದದ್ದು ಇನ್ನೂ ದೊಡ್ಡ ಕುರ್ಚಿಗಳು. ಆ ವರ್ಷ ಜುಲೈ 26ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಸಚಿವ ಸಂಪುಟ ರಚನೆಯಾದದ್ದು ಆಗಸ್ಟ್ 20ರಂದು. ಕೃಷ್ಣೆ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಗೋಕಾಕ, ಮುಧೋಳ, ರಾಮದುರ್ಗದೊಳಗೆ ನೀರು ನುಗ್ಗಿದ್ದು ಈ ಎರಡು ದಿನಾಂಕಗಳ ನಡುವೆ. ಜಿಲ್ಲಾ ಉಸ್ತುವಾರಿ ಸಚಿವರೇ ಇರಲಿಲ್ಲ, ಮುಖ್ಯಮಂತ್ರಿಯೊಬ್ಬರೇ ಊರೂರು ತಿರುಗಿದರು. ವಿರೋಧ ಪಕ್ಷದವರು ಇದನ್ನು ಟೀಕಿಸಿದ್ದು ಸಹಜ. ಆದರೆ ನನ್ನ ಶಾಲೆಯ ಜಗುಲಿಯಿಂದ ನೋಡಿದಾಗ ಸಚಿವರಿಲ್ಲದ್ದರಿಂದ ಕೆಲಸವೇನೂ ನಿಲ್ಲಲಿಲ್ಲ ಎಂದೇ ಹೇಳಬೇಕು. ಸೇನೆ ಬಂತು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ರಬ್ಬರ್ ದೋಣಿ ತಂದರು, ಅಗ್ನಿಶಾಮಕ ದಳದವರು ಹಗ್ಗ ಕಟ್ಟಿದರು. ತೊಂದರೆ ಆದದ್ದು ಬೇರೆ ಕಡೆ.

ನಮ್ಮ ಶಾಲೆಯನ್ನು ನಿರಾಶ್ರಿತರಿಗೆ ಬಿಟ್ಟುಕೊಡಲಾಗಿತ್ತು. ಜನರ ಬಾಯಲ್ಲಿ ಅದು ಗಂಜಿ ಕೇಂದ್ರ, ಈಗಿನ ಸರ್ಕಾರಿ ಕಾಗದದಲ್ಲಿ ಕಾಳಜಿ ಕೇಂದ್ರ. ಹೆಸರು ಬದಲಾದದ್ದು ಒಳ್ಳೆಯದೇ, ಗಂಜಿ ಎಂಬ ಮಾತಿನಲ್ಲಿ ಒಂದು ಬಗೆಯ ಭಿಕ್ಷೆಯ ವಾಸನೆ ಇತ್ತು. ಅಲ್ಲಿ ನಾನು ಕಂಡದ್ದು ಇಷ್ಟು: ಊರಿನಲ್ಲಿ ಸರ್ಕಾರ ಒಂದಲ್ಲ, ಐದಾರು. ಗ್ರಾಮ ಲೆಕ್ಕಾಧಿಕಾರಿ, ಈಚೆಗೆ ಗ್ರಾಮ ಆಡಳಿತ ಅಧಿಕಾರಿ ಎನಿಸಿಕೊಂಡವರು, ಕಂದಾಯ ಇಲಾಖೆಯವರು. ಅವರು ಉತ್ತರ ಹೇಳಬೇಕಾದದ್ದು ತಹಶೀಲ್ದಾರರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ, ಕೊನೆಗೆ ಜಿಲ್ಲಾಧಿಕಾರಿಗೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಗ್ರಾಮೀಣಾಭಿವೃದ್ಧಿ ಇಲಾಖೆಯವರು. ಅವರ ಏಣಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಮೂಲಕ ಜಿಲ್ಲಾ ಪಂಚಾಯಿತಿಯ ಸಿಇಒ ಅವರವರೆಗೆ. ಆಶಾ ಕಾರ್ಯಕರ್ತೆಯರು ತಾಲ್ಲೂಕು ಆರೋಗ್ಯಾಧಿಕಾರಿಯ ಕಡೆಗೆ, ಲೈನ್‌ಮನ್ ಹೆಸ್ಕಾಂ ಶಾಖೆಯ ಕಡೆಗೆ, ನಾನು ಕ್ಷೇತ್ರ ಶಿಕ್ಷಣಾಧಿಕಾರಿಯ ಕಡೆಗೆ. ನಾವೆಲ್ಲರೂ ಒಂದೇ ಜಗುಲಿಯ ಮೇಲೆ ಒಂದೇ ತಟ್ಟೆಯ ಅವಲಕ್ಕಿ ತಿನ್ನುತ್ತಿದ್ದರೂ ನಮ್ಮ ಏಣಿಗಳು ಒಂದನ್ನೊಂದು ಕೂಡುತ್ತಿದ್ದದ್ದು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಳಗಾವಿಯ ಸಭಾಂಗಣದಲ್ಲಿ. ಜಗುಲಿಯ ಮೇಲೆ ಯಾರು ಯಾರಿಗೂ ಆದೇಶ ಕೊಡುವಂತಿರಲಿಲ್ಲ.

ಇದರ ಫಲ ಎಂಥದ್ದೆಂದು ಒಂದು ಉದಾಹರಣೆ. ನೀರು ಏರುವ ಮುನ್ನ ವಿದ್ಯುತ್ ಕಡಿತ ಮಾಡುವುದು ಸರಿಯಾದ ಕ್ರಮ. ನೀರಿನಲ್ಲಿ ಮುಳುಗಿದ ತಂತಿಯಲ್ಲಿ ಕರೆಂಟು ಇದ್ದರೆ ದೋಣಿಯವರೂ ಉಳಿಯುವುದಿಲ್ಲ. ಆದ್ದರಿಂದ ಕಡಿತ ಮಾಡಿದರು. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿ ಮುಗಿಯಿತು. ಎಚ್ಚರಿಕೆಯ ಸಂದೇಶಗಳೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿದ್ದವು, ಗುಂಪೇ ಮೂಕವಾಯಿತು. ಕುಡಿಯುವ ನೀರಿನ ಪಂಪು ಹೊಳೆಯ ದಂಡೆಯಲ್ಲೇ ಇದ್ದದ್ದರಿಂದ ಅದು ಮೊದಲ ದಿನವೇ ಮುಳುಗಿತ್ತು, ಈಗ ಊರ ಮೇಲಿನ ಕೊಳವೆ ಬಾವಿಯೂ ಕರೆಂಟಿಲ್ಲದೆ ನಿಂತಿತು. ಸುತ್ತಲೂ ಮೈಲುಗಟ್ಟಲೆ ನೀರು, ಶಾಲೆಯಲ್ಲಿದ್ದ ಮಕ್ಕಳಿಗೆ ಕುಡಿಯಲು ನೀರಿಲ್ಲ. ಪ್ರತಿ ಇಲಾಖೆಯೂ ತನ್ನ ತನ್ನ ಕೆಲಸವನ್ನು ನಿಯಮದಂತೆ ಮಾಡಿತ್ತು. ಕೊಳವೆ ಬಾವಿಗೆ ಒಂದು ಜನರೇಟರ್ ಬೇಕು ಎಂದು ಮೊದಲೇ ಯೋಚಿಸುವ ಕೆಲಸ ಮಾತ್ರ ಯಾವ ಇಲಾಖೆಯ ಪಟ್ಟಿಯಲ್ಲಿಯೂ ಇರಲಿಲ್ಲ. ಕೊನೆಗೆ ಮದುವೆಗೆ ಪೆಂಡಾಲು ಹಾಕುವವನೊಬ್ಬ ತನ್ನ ಜನರೇಟರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಡೀಸೆಲ್ ಹಣ ಯಾರು ಕೊಡಬೇಕೆಂಬ ಪತ್ರವ್ಯವಹಾರ ದೀಪಾವಳಿಯವರೆಗೂ ನಡೆಯಿತು.

ಎರಡನೆಯದು ತೋಟದ ವಸತಿಗಳ ವಿಷಯ. ನಮ್ಮ ಕಡೆಯ ಊರುಗಳ ಸ್ವರೂಪ ತಿಳಿಯದವರಿಗೆ ಇದು ಅರ್ಥವಾಗಲಾರದು. ಹೊಳೆಸಾಲಿನಲ್ಲಿ ಬಹಳಷ್ಟು ಕುಟುಂಬಗಳು ಊರೊಳಗೆ ಇರುವುದಿಲ್ಲ, ಕಬ್ಬಿನ ನಡುವೆ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡು ಎಮ್ಮೆ ಎತ್ತುಗಳೊಂದಿಗೆ ಇರುತ್ತವೆ. ಡಂಗುರ ಸಾರುವುದು ಊರಿನ ಅಗಸೆಯಲ್ಲಿ. ಪಂಚಾಯಿತಿಯ ಧ್ವನಿವರ್ಧಕದ ಆಟೋ ಹೋಗುವುದು ರಸ್ತೆ ಇರುವವರೆಗೆ. ಆಗಸ್ಟಿನಲ್ಲಿ ಕಬ್ಬು ಆಳೆತ್ತರ ಬೆಳೆದಿರುತ್ತದೆ, ಅದರ ಮರೆಯಲ್ಲಿ ನೀರು ಬರುವುದು ಕಾಣುವುದೂ ಇಲ್ಲ. ಸುತ್ತಲ ಹಳ್ಳಗಳು ಹಿಮ್ಮುಖವಾಗಿ ತುಂಬಿ ದಾರಿಯನ್ನು ಮೊದಲು ಮುಚ್ಚುತ್ತವೆ, ಮನೆಗೆ ನೀರು ಬರುವ ಹೊತ್ತಿಗೆ ಹೊರಬೀಳಲು ದಾರಿಯೇ ಇರುವುದಿಲ್ಲ. ದೋಣಿ ಕಳಿಸಿ ಕರೆತರಬೇಕಾದವರಲ್ಲಿ ಹೆಚ್ಚಿನವರು ಇಂಥ ವಸತಿಗಳವರೇ. ಯಾವ ಹೊಲದಲ್ಲಿ ಎಷ್ಟು ಜನ ಇದ್ದಾರೆಂಬುದು ಪಹಣಿಯಲ್ಲಿಯೂ ಇಲ್ಲ, ಪಂಚಾಯಿತಿಯ ಮನೆ ಪಟ್ಟಿಯಲ್ಲಿಯೂ ಸರಿಯಾಗಿ ಇಲ್ಲ. ಅದು ಗೊತ್ತಿರುವುದು ಹಾಲಿನ ಡೈರಿಯವನಿಗೆ, ಶಾಲೆಯ ಹಾಜರಿ ಪುಸ್ತಕಕ್ಕೆ, ಆಶಾ ಕಾರ್ಯಕರ್ತೆಗೆ. ಆ ಆಗಸ್ಟಿನಲ್ಲಿ ದೋಣಿಯ ಹುಡುಗರಿಗೆ ನಾವು ಕೊಟ್ಟ ನಕ್ಷೆಯನ್ನು ನನ್ನ ಏಳನೇ ತರಗತಿಯ ಇಬ್ಬರು ವಿದ್ಯಾರ್ಥಿಗಳು ನೋಟುಬುಕ್ಕಿನ ಹಾಳೆಯಲ್ಲಿ ಬರೆದಿದ್ದರು. ಯಾವ ವಸತಿಗೆ ಯಾವ ಮಾವಿನ ಮರದಿಂದ ಎಡಕ್ಕೆ ತಿರುಗಬೇಕೆಂದು ಅವರಿಗೆ ಗೊತ್ತಿತ್ತು.

ಹಾಗೆ ಹೋದ ದೋಣಿ ಎಷ್ಟೋ ಸಲ ಖಾಲಿ ಮರಳುತ್ತಿತ್ತು. ಎಮ್ಮೆಗಳನ್ನು ಬಿಟ್ಟು ಬರುವುದಿಲ್ಲ ಎಂದು ಮನೆಯ ಗಂಡಸರು ಮಾಳಿಗೆ ಏರಿ ಕೂರುತ್ತಿದ್ದರು. ಹೊರಗಿನವರು ಇದನ್ನು ಹಟ ಎನ್ನುತ್ತಾರೆ. ಎರಡು ಮುರ್ರಾ ಎಮ್ಮೆ ಎಂದರೆ ಆ ಮನೆಯ ವರ್ಷದ ಆದಾಯ ಎಂಬುದನ್ನು ಬಲ್ಲವರು ಹಾಗೆ ಹೇಳಲಾರರು. ಮನುಷ್ಯರ ಕೇಂದ್ರ ಕಂದಾಯದವರದ್ದು, ದನಗಳ ಮೇವು ಪಶುಸಂಗೋಪನಾ ಇಲಾಖೆಯದ್ದು. ಜನರ ಕೇಂದ್ರ ಎರಡು ದಿನ ಮೊದಲು ಶುರುವಾಗಿ ದನಗಳ ಕೇಂದ್ರ ಮೂರು ದಿನ ತಡವಾದರೆ, ಮೊದಲನೆಯದಕ್ಕೆ ಜನರೇ ಬರುವುದಿಲ್ಲ. ನೀರು ಬರುವ ಮೊದಲೇ ದನಗಳನ್ನು ಎತ್ತರದ ಜಾಗಕ್ಕೆ ಹೊಡೆದರೆ, ಹಿಂದೆಯೇ ಜನರೂ ನಡೆದು ಬರುತ್ತಾರೆ. ಇದನ್ನು ತಿಳಿಯಲು ಕೈಪಿಡಿ ಬೇಕಿಲ್ಲ. 2021ರ ಜುಲೈ ಪ್ರವಾಹದ ಹೊತ್ತಿಗೆ ನಮ್ಮ ಕಡೆ ಕೆಲವರು ಹಾಗೆಯೇ ಮಾಡಿದರು, ಮೇವು ಮೊದಲು, ಅಕ್ಕಿ ಆಮೇಲೆ. ಅಂದಹಾಗೆ ಆ ಸಲವೂ ನೀರು ಇಳಿಯುವ ಮೊದಲೇ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಬದಲಾದರು. ಕೃಷ್ಣೆಗೂ ನಮ್ಮ ಸರ್ಕಾರಗಳಿಗೂ ಏನೋ ಹಳೆಯ ಲೆಕ್ಕ ಇರಬೇಕು.

ನೀರು ಇಳಿದ ಮೇಲಿನ ಸಮನ್ವಯ ಇನ್ನೂ ಕಷ್ಟದ್ದು, ಏಕೆಂದರೆ ಅಷ್ಟರಲ್ಲಿ ಸೇನೆಯೂ ಕ್ಯಾಮೆರಾಗಳೂ ಹೋಗಿರುತ್ತವೆ. ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ನಮ್ಮಂಥ ರಾಜ್ಯಗಳಿಗೆ ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ್ದು 25. ಅದು ಜಿಲ್ಲಾಧಿಕಾರಿ, ತಹಶೀಲ್ದಾರರ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಗಳಿಗೆ ಬಂದು ನಿಲ್ಲುತ್ತದೆ, ಅದರಿಂದ ಕೆಳಗೆ ಪಂಚಾಯಿತಿಗೆ ಇಳಿಯುವುದಿಲ್ಲ. 2019ರಲ್ಲಿ ಕೇಂದ್ರದ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಇದ್ದದ್ದು 95,100 ರೂಪಾಯಿ, ಬಟ್ಟೆ ಪಾತ್ರೆಗಳಿಗೆ 3,800 ರೂಪಾಯಿ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಮನೆಗೆ 5 ಲಕ್ಷ, ತಕ್ಷಣದ ನೆರವಿಗೆ 10,000 ಎಂದು ಘೋಷಿಸಿತು. ಉದಾರವಾದ ತೀರ್ಮಾನ ಅದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮೊತ್ತ ಹೆಚ್ಚಿದಷ್ಟೂ ಪಟ್ಟಿಯ ಮೇಲಿನ ಭಾರ ಹೆಚ್ಚುತ್ತದೆ. ಪೂರ್ತಿ ಬಿದ್ದ ಮನೆಯ ಎ ವರ್ಗಕ್ಕೂ ಅಲ್ಪ ಹಾನಿಯ ಸಿ ವರ್ಗಕ್ಕೂ ಲಕ್ಷಗಟ್ಟಲೆ ವ್ಯತ್ಯಾಸ ಇರುವಾಗ, ಗೋಡೆ ಎಷ್ಟು ಪಾಲು ಬಿದ್ದಿದೆ ಎಂದು ಹೇಳಬೇಕಾದ ಎಂಜಿನಿಯರನ ಸುತ್ತ ಊರಿಗೆ ಊರೇ ನಿಲ್ಲುತ್ತದೆ.

ಆ ಪಟ್ಟಿಯ ಕೆಲಸದಲ್ಲಿ ನನ್ನ ಪಾಲೂ ಇತ್ತು, ನನ್ನ ತಪ್ಪೂ ಇತ್ತು. ಕೇಂದ್ರದಲ್ಲಿದ್ದವರ ವಹಿಯನ್ನು ನಾನು ಪಡಿತರ ಚೀಟಿಯ ಪ್ರಕಾರ ಬರೆದೆ, ಹಾಗೆ ಬರೆಯಲು ಹೇಳಿದ್ದರು. ನಮ್ಮ ಕಡೆ ಒಂದು ಚೀಟಿಯಲ್ಲಿ ಅವ್ವ, ಮೂವರು ಗಂಡುಮಕ್ಕಳು, ಸೊಸೆಯಂದಿರು ಎಲ್ಲ ಇರುತ್ತಾರೆ, ಒಲೆ ಮಾತ್ರ ಮೂರು. ಚೀಟಿ ಒಂದಾದರೆ ಹತ್ತು ಸಾವಿರವೂ ಒಂದೇ. ಮೂರು ಒಲೆಯ ಮನೆಗೆ ಒಂದೇ ಮೊತ್ತ ಬಂದು ಅಣ್ಣತಮ್ಮಂದಿರ ನಡುವೆ ಆದ ಜಗಳ ಇನ್ನೂ ಕೆಲವು ಮನೆಗಳಲ್ಲಿ ಹೊಗೆಯಾಡುತ್ತಿದೆ. ಪಂಚಾಯಿತಿಯ ಸದಸ್ಯರಲ್ಲಿ ಒಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಒಲೆಗಳನ್ನು ಎಣಿಸಿದ್ದರೆ ಆ ವಹಿ ಬೇರೆಯಾಗುತ್ತಿತ್ತು. ಚುನಾಯಿತ ಸದಸ್ಯರು ಪಕ್ಷಪಾತ ಮಾಡುತ್ತಾರೆಂದು ಅವರನ್ನು ದೂರ ಇಡುವ ರೂಢಿ ನಮ್ಮ ಆಡಳಿತದಲ್ಲಿ ಬೇರೂರಿದೆ. ಮಾಡುವವರು ಇರುತ್ತಾರೆ ನಿಜ. ಆದರೆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸುಳ್ಳು ಹೆಸರು ಅಲ್ಲೇ ನಿಲ್ಲಲಾರದು. ತಹಶೀಲ್ದಾರ ಕಚೇರಿಯ ಗೋಡೆಗೆ ಅಂಟಿಸಿದ ಹಾಳೆಯನ್ನು ಓದಲು ಯಾವ ಅಜ್ಜಿ ಅಥಣಿಗೆ ಹೋಗುತ್ತಾಳೆ?

ಎರಡು ರಾಜ್ಯಗಳ ನಡುವಿನ ಮಾತು ಇದಕ್ಕಿಂತ ಸುಧಾರಿಸಿದೆ ಎನ್ನುವುದು ವಿಚಿತ್ರವಾದರೂ ಸತ್ಯ. ಆಲಮಟ್ಟಿಯ ಹಿನ್ನೀರಿನಿಂದಲೇ ಸಾಂಗಲಿ, ಕೊಲ್ಹಾಪುರ ಮುಳುಗುತ್ತವೆ ಎಂಬ ದೂರು ಅಲ್ಲಿ ಬಹುಕಾಲದ್ದು. 2019ರಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಲಾಯಿತು. ಆಮೇಲೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡ್ನೆರೆ ಸಮಿತಿಯು ಆ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. 2021ರ ಜೂನಿನಲ್ಲಿ ಅಲ್ಲಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳೊಡನೆ ಮಾತಾಡಿದರು. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ ಎತ್ತರಿಸುವ ಪ್ರಶ್ನೆಯಲ್ಲಿ ಎರಡೂ ಕಡೆಯ ರಾಜಕಾರಣ ಬಿಸಿಯಾಗಿಯೇ ಇದೆ, ಇರಲಿ. ಮಳೆಗಾಲದಲ್ಲಿ ಎಂಜಿನಿಯರುಗಳು ಫೋನಿನಲ್ಲಿ ಅಂಕಿ ಹಂಚಿಕೊಳ್ಳುತ್ತಾರೆ. ಕೊಯ್ನೆಯ ಗೇಟು ಎತ್ತಿದ ಸುದ್ದಿ ನಮಗೆ ನೀರಿಗಿಂತ ಮೊದಲು ತಲುಪುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಹುಟ್ಟಿ, ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟಿದೆ. ಅಂಕಿಗಳಿಗೆ ಬರವಿಲ್ಲ. ಅಂಕಿಯನ್ನು ಹೊಸ್ತಿಲಿಗೆ ಅನುವಾದ ಮಾಡುವವನ ಹುದ್ದೆ ಮಾತ್ರ ಯಾವ ಇಲಾಖೆಯಲ್ಲಿಯೂ ಮಂಜೂರಾಗಿಲ್ಲ.

ಆ ಅನುವಾದವನ್ನು ನಾನು ನಿವೃತ್ತಿಯ ಮೇಲೆ ಹವ್ಯಾಸದಂತೆ ಮಾಡುತ್ತಿದ್ದೇನೆ. ಒಂದು ನೂರು ಪುಟದ ವಹಿ. ಕಲ್ಲೋಳದಲ್ಲಿ ಇಷ್ಟು ಎಂದು ಪತ್ರಿಕೆ ಬರೆದ ದಿನ ನಮ್ಮೂರ ಘಟ್ಟದ ಎಷ್ಟನೇ ಮೆಟ್ಟಿಲಲ್ಲಿ ನೀರಿತ್ತು, ಎಷ್ಟು ಹೊತ್ತಿನ ಮೇಲೆ ಅಲ್ಲಿಗೆ ಬಂತು, ಯಾವ ಹಳ್ಳ ಮೊದಲು ಹಿಂದಕ್ಕೆ ಒತ್ತಿತು, ಯಾವ ವಸತಿಯ ದಾರಿ ಯಾವಾಗ ಮುಚ್ಚಿತು. ಮೂರನೇ ಪುಟದಲ್ಲಿ ಶಾಲೆಯ ಗೋಡೆಯ ಮೇಲಿನ ಗೆರೆಗಳ ಲೆಕ್ಕ ಇದೆ: 2005ರದ್ದು, 2019ರದ್ದು, 2021ರದ್ದು. ನಾಲ್ಕನೆಯದರಲ್ಲಿ ಯಾವ ಓಣಿಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಹತ್ತಿರ ಜನರೇಟರ್ ಇದೆ, ಯಾರ ಹತ್ತಿರ ಟ್ರ್ಯಾಕ್ಟರ್, ಯಾರಿಗೆ ಈಜು ಬರುತ್ತದೆ. ಈ ಪುಟವನ್ನು ವರ್ಷಕ್ಕೊಮ್ಮೆ ತಿದ್ದಬೇಕಾಗುತ್ತದೆ, ಈಜು ಬರುವವರು ಪುಣೆಗೆ ದುಡಿಯಲು ಹೋಗಿಬಿಡುತ್ತಾರೆ.

ಈ ಸಲ ಮಳೆಗಾಲದ ಮುನ್ನ ಪಂಚಾಯಿತಿಯಲ್ಲಿ ಕರೆದ ಸಭೆಗೆ ಆ ವಹಿಯನ್ನು ಒಯ್ದಿದ್ದೆ. ಹೊಸದಾಗಿ ಬಂದಿದ್ದ ಗ್ರಾಮ ಆಡಳಿತ ಅಧಿಕಾರಿ ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ, ಹೊಳೆಯ ಸೀಮೆಯವಳಲ್ಲ. ಒಂದೊಂದೇ ಪುಟ ತಿರುವಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಸಭೆ ಮುಗಿದು ನಾನು ಬಸ್ ನಿಲ್ದಾಣದವರೆಗೆ ಬಂದಿದ್ದೆ, ಹಿಂದಿನಿಂದ ಸ್ಕೂಟರಿನಲ್ಲಿ ಬಂದು ತಡೆದಳು. "ಸರ್, ಮೂರನೇ ಪುಟ ಮಸುಕಾಗಿದೆ, ಇನ್ನೊಮ್ಮೆ ತೋರಿಸ್ತೀರಾ? ಜೊತೆಗೆ ಆ ಗೆರೆಗಳನ್ನೂ ಗೋಡೆಯ ಮೇಲೆ ನೋಡಬೇಕು" ಎಂದಳು. ನಾವು ಶಾಲೆಯ ಕಡೆ ನಡೆದೆವು. ಬೇಸಿಗೆ ರಜೆಯಲ್ಲಿ ಗೋಡೆಗೆ ಹೊಸ ಸುಣ್ಣ ಹೊಡೆದಿದ್ದರು. ಮೂರು ಗೆರೆಗಳೂ ಅದರ ಕೆಳಗೆ ಹೋಗಿದ್ದವು. ವಹಿಯಲ್ಲಿದ್ದ ಅಳತೆಯನ್ನು ಹಿಡಿದು, ಅವಳು ಟೇಪು ಚಾಚಿ, ನಾನು ಬಣ್ಣದ ಸೀಮೆಸುಣ್ಣ ಹಿಡಿದು, ಮತ್ತೆ ಎಳೆದೆವು.